ದರ್ಜಿ ಬೆಟ್ಟ ಹತ್ತಿದ ಶನಿವಾರ

"ಬುದ್ಧಿ, ಸೇವೆಗೆ ರಜೆ ಎನ್ನುವುದು ಉಂಟೆ?"

ಹೀಗೆ ಕೇಳಿದವನು ಪಂಚಾಕ್ಷರಿ. ಅವನು ಆರು ವರ್ಷದಿಂದ ಮಠದಲ್ಲಿ ಗುರುಗಳ ಸೇವೆಗೆ ನಿಂತವನು. ಗುರುಗಳಿಗೆ ಆಗ ಎಂಬತ್ತೆರಡು. ಬೆಳಿಗ್ಗೆ ಅವರನ್ನು ಎಬ್ಬಿಸಿ ಸ್ನಾನ ಮಾಡಿಸುವವನು ಅವನೇ, ಪ್ರಸಾದ ಕಲಸಿ ಕೊಡುವವನೂ ಅವನೇ. ಪೂಜೆಯ ಕೋಣೆಗೆ ಹೋಗಬೇಕಾದರೆ ತೋಳು ಹಿಡಿದು ನಡೆಸಿಕೊಂಡು ಹೋಗುತ್ತಿದ್ದ. ಆ ವಾರ ಮಠದ ಉಳಿದ ಶಿಷ್ಯರು ಶನಿವಾರ, ಭಾನುವಾರ ಎರಡು ದಿನ ನಗರದ ಹೊರಗಿನ ಕಾಡುಬೆಟ್ಟಕ್ಕೆ ಹೋಗಿಬರುವುದೆಂದು ಗೊತ್ತುಮಾಡಿಕೊಂಡಿದ್ದರು. ಮಳೆಗಾಲ ಮುಗಿದಿತ್ತು. ಅವರು ಪಂಚಾಕ್ಷರಿಯನ್ನೂ ಕರೆದರು. ಅವನು ಆಗುವುದಿಲ್ಲ ಎಂದ. ಎಂದ ಮೇಲೆ ಅವನ ಮನಸ್ಸು ಸುಮ್ಮನಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಗುರುಗಳ ಮುಂದೆ ಬಂದು ನಿಂತು ಕೇಳಿದ.

ಗುರುಗಳು ಉಂಟು ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ. "ಕುಳಿತುಕೋ. ಒಬ್ಬ ದರ್ಜಿಯ ವಿಷಯ ಹೇಳುತ್ತೇನೆ" ಎಂದರು.

ಪಂಚಾಕ್ಷರಿ ಕುಳಿತ. ಗುರುಗಳು ಹೇಳತೊಡಗಿದರು.

ಆ ದರ್ಜಿ ಇದ್ದದ್ದು ನಗರದ ಹಳೆಯ ಗಲ್ಲಿಯೊಂದರಲ್ಲಿ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಬಟ್ಟೆ ಕತ್ತರಿಸುವುದು, ಮಷಿನ್ ತುಳಿಯುವುದು ಅವನ ಕೆಲಸ. ಕಾಜಾ, ಗುಂಡಿ, ಹೆಮ್ಮಿಂಗ್, ಹೀಗೆ ಕೈಯಲ್ಲಿ ಹೊಲಿಯುವುದೆಲ್ಲ ಅವನ ಹೆಂಡತಿಯದು. ಅವಳ ಹೆಸರು ನಾಗವೇಣಿ. ಅವರಿಗೆ ಮಕ್ಕಳಿರಲಿಲ್ಲ. ಇಪ್ಪತ್ತೆರಡು ವರ್ಷ ಇಬ್ಬರೂ ಎದುರುಬದುರು ಕುಳಿತು ಹೊಲಿದರು. ಹೊಲಿಯುತ್ತಲೇ ಜಗಳವಾಡುವರು, ಹೊಲಿಯುತ್ತಲೇ ರಾಜಿಯಾಗುವರು.

ಒಂದು ದಿನ ನಾಗವೇಣಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಆರು ತಿಂಗಳಿಗೆ ಮಾತು ಸರಿಹೋಯಿತು. ಕಾಲು ಅರ್ಧ ಬಂತು, ಯಾರಾದರೂ ಹಿಡಿದುಕೊಂಡರೆ ನಡೆಯುವಳು. ಬಲಗೈ ಮಾತ್ರ ಬರಲೇ ಇಲ್ಲ.

ದರ್ಜಿ ಒಳ್ಳೆಯ ಮನುಷ್ಯ. ಹೆಂಡತಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಲಿಲ್ಲ. ಅಡುಗೆ ಕಲಿತ. ಜಡೆ ಹೆಣೆಯುವುದನ್ನು ಕಲಿತ. ಅನ್ನ ಕಲಸಿ ತುತ್ತು ಮಾಡಿ ಅವಳ ಬಾಯಿಗಿಟ್ಟ. ನೀರಿನ ಲೋಟವನ್ನೂ ತಾನೇ ಹಿಡಿದು ಕುಡಿಸಿದ. ಅವಳ ಎಡಗೈ ಚೆನ್ನಾಗಿಯೇ ಇತ್ತು. ಆದರೆ ಚೆಲ್ಲಿಕೊಂಡಾಳು, ಬೀಳಿಸಿಕೊಂಡಾಳು ಎಂದು ಅವನು ಅದಕ್ಕೂ ಕೆಲಸ ಕೊಡಲಿಲ್ಲ. ಒಮ್ಮೆ ಅವಳು ಎಡಗೈಯಲ್ಲಿ ಸೂಜಿ ಹಿಡಿದು ಕುಳಿತಿದ್ದಳು. ಅವನು ಮೆಲ್ಲಗೆ ಅದನ್ನು ಬಿಡಿಸಿಕೊಂಡು ಡಬ್ಬಿಗೆ ಹಾಕಿದ.

"ನಿನಗೆ ಯಾಕೆ ಈ ಕಷ್ಟ" ಎಂದ.

ಅವಳು ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಹೀಗೆ ಮೂರು ವರ್ಷ ಕಳೆಯಿತು. ಗಲ್ಲಿಯವರು ದರ್ಜಿಯನ್ನು ಹೊಗಳಿದರು. ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ, ನೋಡಿ ಕಲಿಯಿರಿ ಎಂದರು. ಅದು ಕಿವಿಗೆ ಬಿದ್ದಾಗ ದರ್ಜಿಗೆ ಹಿತವಾಗುತ್ತಿತ್ತು. ಆದರೆ ಅವನು ಸೊರಗಿದ್ದ. ರಾತ್ರಿ ಅವಳು ಮಗ್ಗುಲು ಬದಲಿಸಿದರೂ ಎದ್ದು ಕೂರುತ್ತಿದ್ದ. ಹಗಲು ಮಷಿನ್ ಮುಂದೆ ತೂಕಡಿಸುತ್ತಿದ್ದ. ಎರಡು ಸಲ ಗಿರಾಕಿಗಳ ಬಟ್ಟೆಯನ್ನು ಅಳತೆ ತಪ್ಪಿ ಕತ್ತರಿಸಿದ. ತನಗೆ ದಣಿವಾಗಿದೆ ಎಂದು ಅವನು ಯಾರಿಗೂ ಹೇಳಲಿಲ್ಲ. ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಈ ದರ್ಜಿಗೆ ಮೂವರು ಗೆಳೆಯರಿದ್ದರು. ಅವರಲ್ಲಿ ಒಬ್ಬ ಅಂಚೆಯವನು. ಹಿಂದೆಲ್ಲ ನಾಲ್ವರೂ ಪ್ರತಿ ವರ್ಷ ದೀಪಾವಳಿ ಕಳೆದ ಮೊದಲ ಶನಿವಾರ ಬೆಟ್ಟಕ್ಕೆ ಹೋಗುತ್ತಿದ್ದರು. ನಗರದಿಂದ ಒಂದೂವರೆ ಗಂಟೆಯ ಬಸ್ಸಿನ ದಾರಿ. ಶನಿವಾರ ಹತ್ತಿ, ಮೇಲಿನ ಕಲ್ಲುಮಂಟಪದಲ್ಲಿ ಮಲಗಿ, ಭಾನುವಾರ ಇಳಿಯುವುದು ವಾಡಿಕೆ. ನಾಗವೇಣಿ ಹಾಸಿಗೆ ಹಿಡಿದ ಮೇಲೆ ದರ್ಜಿ ಹೋಗಲಿಲ್ಲ. ಗೆಳೆಯರೂ ಮೂರು ವರ್ಷ ಕರೆಯಲಿಲ್ಲ. ನಾಲ್ಕನೆಯ ವರ್ಷ ಅಂಚೆಯವನು ಅಂಗಡಿಗೆ ಬಂದು, ನಾಗವೇಣಿ ಕೇಳುವ ಹಾಗೆಯೇ ಕರೆದ.

ದರ್ಜಿ ಬಾಯಿ ತೆರೆಯುವುದರೊಳಗೆ ಒಳಗಿನಿಂದ ನಾಗವೇಣಿ ಹೇಳಿದಳು. "ಬರುತ್ತಾರೆ. ಎರಡು ದಿನ ಜೈಬುನ್ ನನ್ನ ಜೊತೆ ಇರುತ್ತಾಳೆ. ನಾನು ಅವಳನ್ನು ಕೇಳಿಯಾಗಿದೆ."

ಜೈಬುನ್ ಪಕ್ಕದ ಮನೆಯವಳು. ನಾಗವೇಣಿಗಿಂತ ಹತ್ತು ವರ್ಷ ಚಿಕ್ಕವಳು. ಅವಳ ಗಂಡ ಲಾರಿ ಓಡಿಸುವವನು, ತಿಂಗಳಿನಲ್ಲಿ ಇಪ್ಪತ್ತು ದಿನ ಊರಲ್ಲಿರುತ್ತಿರಲಿಲ್ಲ.

ದರ್ಜಿ ಒಂದು ವಾರ ಒಪ್ಪಲಿಲ್ಲ. ಆಮೇಲೆ ಒಪ್ಪಿದ. ಒಪ್ಪಿದವನು ಕುಳಿತು ಎರಡು ಹಾಳೆ ತುಂಬ ಬರೆದ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಕುಡಿಯುವ ನೀರು ಎಷ್ಟು ಬೆಚ್ಚಗಿರಬೇಕು, ಬಚ್ಚಲಿಗೆ ಹೋಗುವಾಗ ಯಾವ ಕಡೆಯಿಂದ ಹಿಡಿಯಬೇಕು, ಎಲ್ಲವನ್ನೂ ಬರೆದ. ಕೊನೆಗೆ, ಕತ್ತರಿ ಸೂಜಿಗಳನ್ನು ಅವಳ ಕೈಗೆ ಸಿಗುವಂತೆ ಇಡಬಾರದು ಎಂದು ಬರೆದು ಅದರ ಕೆಳಗೆ ಗೆರೆ ಎಳೆದ. ಹಾಳೆಗಳನ್ನು ಗೋಡೆಗೆ ಅಂಟಿಸಿದ. ತನ್ನ ಫೋನಿನ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಫೋನಿನ ಪಕ್ಕದಲ್ಲಿಟ್ಟ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟ. ಗಲ್ಲಿಯ ತಿರುವಿನವರೆಗೆ ಹೋಗಿ ಹಿಂದಕ್ಕೆ ಬಂದು, ಅವಳ ಹೊದಿಕೆ ಸರಿಮಾಡಿ ಮತ್ತೆ ಹೋದ.

ಬೆಟ್ಟದ ಬುಡದಲ್ಲಿ ಬಸ್ಸಿನಿಂದ ಇಳಿದು ನಾಲ್ವರೂ ನಡೆಯತೊಡಗಿದರು. ಹುಲ್ಲು ಎದೆಯೆತ್ತರ ಬೆಳೆದಿತ್ತು. ಮೊದಲ ಒಂದು ಗಂಟೆ ದರ್ಜಿಯ ಕಾಲು ಬೆಟ್ಟದ ಮೇಲಿತ್ತು, ಮನಸ್ಸು ಮನೆಯಲ್ಲಿತ್ತು. ಈಗ ಎದ್ದಿರುತ್ತಾಳೆ, ಈಗ ಮಾತ್ರೆಯ ಹೊತ್ತು, ಜೈಬುನ್ ಚೀಟಿ ನೋಡಿದಳೋ ಇಲ್ಲವೋ, ಹೀಗೆ. ಹಳ್ಳ ಸಿಕ್ಕಿತು. ಹಳ್ಳದಲ್ಲಿ ಮುಖ ತೊಳೆದುಕೊಂಡು ಬುತ್ತಿ ಬಿಚ್ಚಿದರು. ಅಂಚೆಯವನು ಹಿಂದೊಮ್ಮೆ ಅದೇ ಹಳ್ಳದಲ್ಲಿ ಜಾರಿ ಬಿದ್ದು, ಒದ್ದೆಯಾದ ಪ್ಯಾಂಟನ್ನು ಕೋಲಿಗೆ ಸಿಕ್ಕಿಸಿಕೊಂಡು ಮೇಲೆ ಹತ್ತಿದ್ದನ್ನು ಒಬ್ಬನು ನೆನಪಿಸಿದ. ಎಲ್ಲರೂ ನಕ್ಕರು. ದರ್ಜಿಯೂ ನಕ್ಕ.

ಅಲ್ಲಿಂದ ಮುಂದೆ ಮರಗಳ ನೆರಳು. ಏರು ಕಡಿದು. ಉಸಿರು ಹಿಡಿಯುವುದೇ ಕೆಲಸವಾದಾಗ ಬೇರೆ ಯೋಚನೆಗೆ ಎಡೆಯಿರಲಿಲ್ಲ. ದರ್ಜಿ ಮೊದಲಿನ ಹಾಗೆ ಎಲ್ಲರಿಗಿಂತ ಮುಂದೆ ನಡೆದ. ಮಧ್ಯಾಹ್ನ ಹನ್ನೆರಡೂವರೆಗೆ ಬೋಳು ಬಂಡೆಯ ಮೇಲೆ ಬಂದು ನಿಂತ. ಕೆಳಗೆ ಕಾಡು, ಕಾಡಿನಾಚೆ ದೂರದಲ್ಲಿ ನಗರ. ಗಾಳಿ ಬೀಸುತ್ತಿತ್ತು. ಅವನು ಅಂಗಿಯ ಗುಂಡಿ ಬಿಚ್ಚಿ, ಕೈ ಎರಡೂ ಚಾಚಿ ಬಂಡೆಯ ಮೇಲೆ ಮಲಗಿದ. ಮೈ ಹಗುರವಾಗಿತ್ತು.

ಆಗ ಅವನಿಗೆ ಹೊಳೆಯಿತು. ಹಳ್ಳ ದಾಟಿದ ಮೇಲೆ ಇಲ್ಲಿಯವರೆಗೆ ನಾಗವೇಣಿಯ ನೆನಪೇ ಆಗಿರಲಿಲ್ಲ.

ಅವನು ಎದ್ದು ಕುಳಿತ. ತಾನು ಮರೆತ ಹೊತ್ತಿನಲ್ಲಿಯೇ ಅವಳಿಗೆ ಏನೋ ಆಗಿರಬೇಕು ಎನಿಸಿತು. ಯಾಕೆ ಹಾಗೆ ಎನಿಸಿತು ಎಂದು ಕೇಳಬೇಡ. ಕಾವಲು ಕಾಯುವವನು ಒಂದು ಗಳಿಗೆ ಕಣ್ಣು ಮುಚ್ಚಿದರೆ ಅವನಿಗೆ ಹಾಗೆಯೇ ಅನಿಸುವುದು. ಅವನು ಜೇಬಿನಿಂದ ಫೋನ್ ತೆಗೆದ. ಬೆಟ್ಟದಲ್ಲಿ ಆ ಬಂಡೆಯ ಮೇಲೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಮನೆಗೆ ಫೋನ್ ಮಾಡಿದ. ಗಂಟೆ ಬಾರಿಸಿತು. ಯಾರೂ ಎತ್ತಲಿಲ್ಲ.

ಮತ್ತೆ ಮಾಡಿದ. ಎತ್ತಲಿಲ್ಲ. ಜೈಬುನ್‌ಳ ಸಂಖ್ಯೆಗೆ ಮಾಡಿದ. ಅದು ಸ್ವಿಚ್ ಆಫ್ ಆಗಿತ್ತು. ಅರ್ಧ ಗಂಟೆಯಲ್ಲಿ ಮನೆಗೆ ಹನ್ನೊಂದು ಸಲ ಮಾಡಿದ. ಹನ್ನೊಂದು ಸಲವೂ ಗಂಟೆ ಪೂರ್ತಿ ಬಾರಿಸಿ ನಿಂತಿತು.

ಗೆಳೆಯರು ಅಷ್ಟರಲ್ಲಿ ಮೇಲೆ ಬಂದಿದ್ದರು. ದರ್ಜಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ಫೋನ್ ಎತ್ತದಿರುವುದಕ್ಕೆ ನೂರು ಕಾರಣ ಇರುತ್ತದೆ ಮಾರಾಯ" ಎಂದು ಅಂಚೆಯವನು ಹೇಳಿದ. "ಊಟ ಮಾಡು. ಆಮೇಲೆ ಇನ್ನೊಂದು ಸಲ ನೋಡೋಣ."

"ನೀವು ಇರಿ. ನಾನು ಇಳಿಯುತ್ತೇನೆ."

"ಹಾಗಾದರೆ ನಾನೂ ಬರುತ್ತೇನೆ."

"ಬೇಡ. ನನ್ನಿಂದ ನಿಮ್ಮ ರಜೆ ಹಾಳಾಗಬಾರದು" ಎಂದು ಹೇಳಿ ದರ್ಜಿ ಅವರ ಉತ್ತರಕ್ಕೆ ಕಾಯದೆ ಇಳಿಯತೊಡಗಿದ.

ಇಪ್ಪತ್ತು ವರ್ಷ ಹತ್ತಿಳಿದ ದಾರಿ ಅದು. ಕಣ್ಣು ಕಟ್ಟಿದರೂ ಇಳಿದೇನು ಎನ್ನುವಷ್ಟು ಪರಿಚಯ. ಆದರೆ ಅವನು ದಾರಿಯನ್ನು ನೋಡುತ್ತಿರಲಿಲ್ಲ. ನಾಗವೇಣಿ ಬಚ್ಚಲಿನಲ್ಲಿ ಬಿದ್ದಿರುವುದನ್ನು ನೋಡುತ್ತಿದ್ದ. ಜೈಬುನ್ ಆಟೋ ಹುಡುಕಿಕೊಂಡು ಬೀದಿಗೆ ಓಡುವುದನ್ನು ನೋಡುತ್ತಿದ್ದ. ಆಸ್ಪತ್ರೆಯ ಬಾಗಿಲನ್ನು ನೋಡುತ್ತಿದ್ದ. ಬಿದಿರು ಮೆಳೆಯ ಹತ್ತಿರ ದಾರಿ ಎಡಕ್ಕೆ ತಿರುಗಬೇಕು. ಅವನು ನೇರ ಇಳಿದ. ಆ ವರ್ಷದ ಮಳೆಗೆ ಅಲ್ಲಿ ಮಣ್ಣು ಕುಸಿದು ಇನ್ನೊಂದು ದಾರಿಯ ಹಾಗೆ ಕಾಣುತ್ತಿತ್ತು. ಅರ್ಧ ಗಂಟೆ ಇಳಿದ ಮೇಲೆ ಮುಂದೆ ಮುಳ್ಳುಪೊದೆ, ಅದರಾಚೆ ಆಳದ ಕೊರಕಲು. ಹಿಂದಕ್ಕೆ ತಿರುಗಿದ. ಬಂದ ದಾರಿ ಯಾವುದೆಂದು ತಿಳಿಯಲಿಲ್ಲ. ಅವಸರದಲ್ಲಿ ಕಾಲಿಟ್ಟ ಕಲ್ಲು ಉರುಳಿತು. ಅವನೂ ಉರುಳಿದ. ಒಂದು ಮರದ ಬೇರು ಕೈಗೆ ಸಿಕ್ಕಿ ನಿಂತ. ಮೊಣಕಾಲು ತರಚಿಹೋಗಿತ್ತು. ಫೋನ್ ಕೈಯಿಂದ ಜಾರಿ ಕೊರಕಲಿಗೆ ಬಿತ್ತು.

ಆ ಮರದ ಬುಡದಲ್ಲಿ ಅವನು ಕುಳಿತುಬಿಟ್ಟ.

ಮೂರು ವರ್ಷದಲ್ಲಿ ಮೊದಲ ಸಲ ಅವನು ಅತ್ತ. ಯಾರೂ ಇರಲಿಲ್ಲ, ಹಾಗಾಗಿ ಜೋರಾಗಿಯೇ ಅತ್ತ. ನಾನು ಇಲ್ಲಿ ಬಿದ್ದು ಸತ್ತರೆ ಅವಳನ್ನು ನೋಡಿಕೊಳ್ಳುವವರು ಯಾರು ಎಂದು ಅತ್ತ. ಅಳುತ್ತ ಇದ್ದಾಗ ಇನ್ನೊಂದು ಯೋಚನೆ ಬಂತು. ಈಗಾಗಲೇ ಅವಳಿಗೆ ಏನಾದರೂ ಆಗಿಹೋಗಿದ್ದರೆ ನಾಳೆಯಿಂದ ನಾನು ರಾತ್ರಿ ಪೂರ್ತಿ ಮಲಗಬಹುದು. ಯೋಚನೆ ಬಂದಷ್ಟೇ ಬೇಗ ಹೋಯಿತು. ಆದರೆ ಬಂದದ್ದು ನಿಜ. ದರ್ಜಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಎದ್ದು ನಿಂತ.

ಇಲ್ಲಿ ಪಂಚಾಕ್ಷರಿ ತಲೆ ತಗ್ಗಿಸಿದ. ಗುರುಗಳು ಅವನನ್ನು ಒಮ್ಮೆ ನೋಡಿ ಮುಂದುವರಿಸಿದರು.

ಎದ್ದು ನಿಂತವನು ಈ ಸಲ ಓಡಲಿಲ್ಲ. ನೀರಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿಗೊಟ್ಟ. ಅದು ಬೆಳಿಗ್ಗೆ ಬುತ್ತಿ ಬಿಚ್ಚಿದ ಹಳ್ಳವೇ ಇರಬೇಕು ಎಂದುಕೊಂಡ. ಮರಗಳನ್ನು ಹಿಡಿದುಕೊಂಡು, ಕೂತು ಜಾರಿ, ಸದ್ದು ಬಂದ ಕಡೆಗೆ ನಡೆದ. ಹಳ್ಳ ಸಿಕ್ಕಿತು. ಹಳ್ಳದ ಪಕ್ಕದಲ್ಲಿ ದಾರಿ ಸಿಕ್ಕಿತು. ಐದು ಗಂಟೆಗೆ ಡಾಂಬರು ರಸ್ತೆಗೆ ಬಂದು, ಬಂದ ಬಸ್ಸು ಹತ್ತಿದ. ಕಂಡಕ್ಟರ್ ಅವನ ಮೊಣಕಾಲು ನೋಡಿ ತನ್ನ ಸೀಟು ಬಿಟ್ಟುಕೊಟ್ಟ. ಅವನಿಗೆ ಕೂರಲಾಗಲಿಲ್ಲ. ನಗರ ಬರುವವರೆಗೆ ಬಾಗಿಲ ಹತ್ತಿರ ನಿಂತೇ ಇದ್ದ.

ಗಲ್ಲಿಗೆ ಬಂದಾಗ ಏಳೂವರೆ. ಗಲ್ಲಿ ಎಂದಿನಂತೆಯೇ ಇತ್ತು. ಮಕ್ಕಳು ಆಡುತ್ತಿದ್ದರು, ಹೂವಿನವನು ಸೈಕಲ್ ನಿಲ್ಲಿಸಿಕೊಂಡಿದ್ದ. ಜನ ಗುಂಪುಗೂಡಿರಲಿಲ್ಲ. ಅವನ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ದೀಪ ಉರಿಯುತ್ತಿತ್ತು. ದರ್ಜಿ ಬಾಗಿಲು ತಳ್ಳಿದ.

ನಾಗವೇಣಿ ಹಾಸಿಗೆಯಲ್ಲಿ ಇರಲಿಲ್ಲ. ಅಂಗಡಿಯಲ್ಲಿ ಅವನ ಸ್ಟೂಲಿನ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಹಸಿರು ರವಿಕೆ. ಬಲಗೈಯನ್ನು ರವಿಕೆಯ ಮೇಲೆ ತೂಕದ ಕಲ್ಲಿನ ಹಾಗೆ ಇಟ್ಟುಕೊಂಡಿದ್ದಳು, ಎಡಗೈಯಲ್ಲಿ ಸೂಜಿ ಇತ್ತು. ಎದುರಿಗೆ ನೆಲದ ಮೇಲೆ ಜೈಬುನ್ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಇಬ್ಬರೂ ಏನೋ ಮಾತಿಗೆ ನಗುತ್ತಿದ್ದವರು ಅವನನ್ನು ನೋಡಿ ಸುಮ್ಮನಾದರು.

ಅವಳು ಬದುಕಿದ್ದಳು. ಅಷ್ಟೇ ಅಲ್ಲ, ಚೆನ್ನಾಗಿಯೇ ಇದ್ದಳು. ದರ್ಜಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಬೆಳಗಿನಿಂದ ಹಿಡಿದಿಟ್ಟ ಭಯವೆಲ್ಲ ಒಂದೇ ಸಲಕ್ಕೆ ಸಿಟ್ಟಾಗಿ ಹೊರಗೆ ಬಂತು.

"ಫೋನ್ ಯಾಕೆ ಎತ್ತಲಿಲ್ಲ? ಹನ್ನೊಂದು ಸಲ ಮಾಡಿದೆ. ಕಿವಿ ಕೇಳುವುದಿಲ್ಲವಾ ನಿನಗೆ? ನಾನು ಅಲ್ಲಿ ಕಾಡಿನಲ್ಲಿ ಬಿದ್ದು ಎದ್ದು ಬರುತ್ತಿದ್ದೇನೆ. ನೀನು ಇಲ್ಲಿ ಹಾಯಾಗಿ ಕುಳಿತಿದ್ದೀಯಾ?"

ಗಲ್ಲಿಯ ಮಕ್ಕಳು ಆಟ ನಿಲ್ಲಿಸಿ ನೋಡುವಷ್ಟು ಜೋರಾಗಿತ್ತು ಅವನ ದನಿ. ಜೈಬುನ್ ಎದ್ದು ನಿಂತಳು. ತನ್ನ ಫೋನ್ ಕೆಟ್ಟು ರಿಪೇರಿಗೆ ಕೊಟ್ಟಿದ್ದೇನೆ, ತಪ್ಪು ತನ್ನದು ಎಂದು ಹೇಳಹೊರಟಳು. ನಾಗವೇಣಿ ಅವಳ ಮಾತನ್ನು ತಡೆದಳು.

"ಕೇಳಿಸಿತು" ಎಂದಳು. "ಜೈಬುನ್ ಎತ್ತಲು ಹೋದಳು. ನಾನೇ ಬೇಡ ಎಂದೆ. ಎತ್ತಿದರೆ ಮಾತ್ರೆ ತೆಗೆದುಕೊಂಡೆಯಾ, ನೀರು ಕುಡಿದೆಯಾ, ಒಬ್ಬಳೇ ಎದ್ದೆಯಾ ಎಂದು ಕೇಳುತ್ತಿದ್ದಿರಿ. ಒಂದು ದಿನ ಯಾರೂ ಏನೂ ಕೇಳದೆ ಇರಲಿ ಎನಿಸಿತು. ಹೊಲಿಯುತ್ತ ಇದ್ದೆ. ಸೂಜಿ ಬಿಟ್ಟರೆ ಮತ್ತೆ ಹಿಡಿಯಲು ಕಾಲು ಗಂಟೆ ಬೇಕು. ಆಮೇಲೆ ಮನಸ್ಸಿಗೆ ಕೆಡುಕೆನಿಸಿ ನಾನೇ ನಾಲ್ಕು ಸಲ ಮಾಡಿದೆ. ನಿಮ್ಮ ಫೋನ್ ಸಿಗಲಿಲ್ಲ."

ಪಂಚಾಕ್ಷರಿಗೆ ತಡೆಯಲಾಗಲಿಲ್ಲ. "ಬುದ್ಧಿ, ಮೂರು ವರ್ಷ ಜೀವ ತೇದವನಿಗೆ ಆ ತಾಯಿ ಹೀಗೆ ಹೇಳಬಹುದೇ?" ಎಂದು ಕೇಳಿದ.

"ದರ್ಜಿಗೂ ಹಾಗೆಯೇ ಎನಿಸಿತು" ಎಂದರು ಗುರುಗಳು. "ಮುಂದೆ ಕೇಳು."

ದರ್ಜಿ ಇನ್ನಷ್ಟು ಕೂಗಾಡಿದ. ನಿನಗೋಸ್ಕರ ನಾನು ಏನೆಲ್ಲ ಮಾಡಿದೆ ಎಂದ. ಆ ಮಾತನ್ನು ಅವನು ಎಂದೂ ಆಡಿರಲಿಲ್ಲ, ಆಡಬಾರದು ಎಂದು ಮೂರು ವರ್ಷ ನಾಲಿಗೆ ಕಚ್ಚಿ ಹಿಡಿದಿದ್ದ. ಈಗ ಆಡಿಬಿಟ್ಟ. ಆಡಿದ ಮೇಲೆ ಅವನಿಗೇ ಹೆದರಿಕೆಯಾಯಿತು. ಅವಳು ಅಳುತ್ತಾಳೆ ಎಂದುಕೊಂಡ.

ನಾಗವೇಣಿ ಅಳಲಿಲ್ಲ. ಅವಳ ಮುಖ ಅರಳಿತ್ತು.

"ಮೂರು ವರ್ಷದಲ್ಲಿ ನೀವು ನನ್ನ ಮೇಲೆ ಒಂದು ಸಲವೂ ಸಿಟ್ಟು ಮಾಡಿರಲಿಲ್ಲ" ಎಂದಳು. "ನಾನು ನಿಮ್ಮ ಹೆಂಡತಿ ಎನ್ನುವುದು ನಿಮಗೆ ಮರೆತೇಹೋಯಿತೇನೋ ಎಂದು ಹೆದರಿದ್ದೆ."

ಜೈಬುನ್ ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು.

"ಬನ್ನಿ ಇಲ್ಲಿ. ಕುಳಿತುಕೊಳ್ಳಿ" ಎಂದಳು ನಾಗವೇಣಿ.

ಅವನು ಅವಳ ಮುಂದೆ ನೆಲದ ಮೇಲೆ ಕುಳಿತ. ಅವನ ಪ್ಯಾಂಟಿನ ತುಂಬ ಉತ್ತರಾಣಿಯ ಬೀಜ ಅಂಟಿಕೊಂಡಿತ್ತು. ಅವಳು ಬಗ್ಗಿ ಎಡಗೈಯಿಂದ ಒಂದೊಂದೇ ಬೀಜ ಕಿತ್ತಳು. ರೂಢಿಯಿಲ್ಲದ ಬೆರಳು ಸರಿಯಾಗಿ ಹಿಡಿತಕ್ಕೆ ಬರುತ್ತಿರಲಿಲ್ಲ. ಒಂದು ಬೀಜಕ್ಕೆ ಎರಡು ಮೂರು ಸಲ ಪ್ರಯತ್ನಿಸಬೇಕಾಗಿತ್ತು. ಅಭ್ಯಾಸದಂತೆ ದರ್ಜಿಯ ಕೈ ಅವಳನ್ನು ತಡೆಯಲು ಎದ್ದಿತು. ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡ. ಅವಳು ಕೀಳುತ್ತ ಹೋದಳು. ಮೊಣಕಾಲಿನ ಗಾಯ ಕಂಡಾಗ ಜೈಬುನ್‌ಳನ್ನು ಕರೆದು ಬಿಸಿನೀರು, ಬಟ್ಟೆ ತರಿಸಿದಳು. ಗಾಯವನ್ನೂ ಅವಳೇ ಒರೆಸಿದಳು. ಉರಿಯಿತು. ಅವನು ಹಲ್ಲು ಕಚ್ಚಿದ. ಚಿಕ್ಕ ಹುಡುಗರ ಹಾಗೆ ಆಡಬೇಡಿ ಎಂದು ಅವಳು ಗದರಿದಳು.

ಆಮೇಲೆ ಅವನು ರವಿಕೆಯನ್ನು ತೆಗೆದು ನೋಡಿದ. ಜೈಬುನ್‌ಳ ರವಿಕೆ ಅದು. ಬೆಳಗಿನಿಂದ ಸಂಜೆಯವರೆಗೆ ಒಂದು ತೋಳಿನ ಅಂಚು ಮುಗಿದಿತ್ತು. ಹೊಲಿಗೆ ಓರೆಯಾಗಿತ್ತು. ಒಂದು ಕಡೆ ರಕ್ತದ ಸಣ್ಣ ಕಲೆ ಇತ್ತು. ಬೇರೆ ಯಾರಾದರೂ ಹಾಗೆ ಹೊಲಿದಿದ್ದರೆ ಅವನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದ.

"ಇನ್ನೊಂದು ತೋಳು?" ಎಂದು ಕೇಳಿದ.

"ನಾಳೆ" ಎಂದಳು ಅವಳು.

ಆ ರಾತ್ರಿ ಅವಳು ಮಗ್ಗುಲು ಬದಲಿಸಿದಳೋ ಇಲ್ಲವೋ ದರ್ಜಿಗೆ ಗೊತ್ತಾಗಲಿಲ್ಲ. ಅವನು ಎದ್ದಾಗ ಬೆಳಗಿನ ಒಂಬತ್ತು ಗಂಟೆ. ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಮೈಯೆಲ್ಲ ನೋಯುತ್ತಿತ್ತು, ಆದರೆ ತಲೆ ತಿಳಿಯಾಗಿತ್ತು. ನಡುಮನೆಗೆ ಬಂದ. ನಾಗವೇಣಿ ಗೋಡೆಗೊರಗಿ ಕುಳಿತು ಎಡಗೈಯಲ್ಲಿ ಕಾಫಿ ಲೋಟ ಹಿಡಿದು ಕುಡಿಯುತ್ತಿದ್ದಳು. ಸ್ವಲ್ಪ ಸೀರೆಯ ಮೇಲೆ ಚೆಲ್ಲಿತ್ತು. ಅವನು ಬಟ್ಟೆ ತರಲು ಹೊರಟವನು ನಿಂತ. ತನಗೂ ಒಂದು ಲೋಟ ಬಗ್ಗಿಸಿಕೊಂಡು ಬಂದು ಅವಳ ಎದುರಿಗೆ ಕುಳಿತ.

ಭಾನುವಾರ ಸಂಜೆ ಅಂಚೆಯವನು ಬೆಟ್ಟದಿಂದ ನೇರ ಅಂಗಡಿಗೆ ಬಂದ. ರಾತ್ರಿಯೆಲ್ಲ ಅವನಿಗೂ ನಿದ್ದೆಯಿರಲಿಲ್ಲ. ಗೆಳೆಯನ ಫೋನಿಗೆ ಮಾಡಿದರೆ ಅದು ಸತ್ತಿತ್ತು. ಗಲ್ಲಿಗೆ ಕಾಲಿಡುತ್ತಲೇ ಅವನಿಗೆ ಜಗಳದ ಸದ್ದು ಕೇಳಿಸಿತು. ದಾರ ಜಾಸ್ತಿ ಉದ್ದ ತೆಗೆದುಕೊಂಡರೆ ಗಂಟಾಗದೆ ಏನಾಗುತ್ತದೆ ಎಂದು ದರ್ಜಿ ಅನ್ನುತ್ತಿದ್ದ. ಇಪ್ಪತ್ತೆರಡು ವರ್ಷ ದಾರ ತೆಗೆದುಕೊಂಡವಳು ನಾನು, ನೀವು ಹೇಳಿಕೊಡಬೇಡಿ ಎಂದು ನಾಗವೇಣಿ ಅನ್ನುತ್ತಿದ್ದಳು. ಅಂಚೆಯವನು ಗಲ್ಲಿಯಲ್ಲಿ ನಿಂತು ಕೇಳಿದ. ಅವನ ಎದೆಯ ಮೇಲಿನ ಭಾರ ಇಳಿಯಿತು. ಒಳಗೆ ಹೋಗದೆ ಅಲ್ಲಿಂದಲೇ ಮನೆಗೆ ತಿರುಗಿದ.

ಗುರುಗಳು ಕತೆ ನಿಲ್ಲಿಸಿದರು.

ಪಂಚಾಕ್ಷರಿ ಕೇಳಿದ. "ಹಾಗಾದರೆ ಬುದ್ಧಿ, ದರ್ಜಿ ಮಾಡಿದ ಸೇವೆ ತಪ್ಪಾಯಿತೆ?"

ಗುರುಗಳು ಎದ್ದು ನಿಲ್ಲಲು ನೋಡಿದರು. ಪಂಚಾಕ್ಷರಿ ತಟ್ಟನೆ ಎದ್ದು ಅವರ ತೋಳು ಹಿಡಿದುಕೊಂಡ. ಅವರು ಅವನ ಕೈಯ ಮೇಲೆ ತಮ್ಮ ಕೈಯಿಟ್ಟು ಹೇಳಿದರು.

"ನಾಳೆ ಬೆಟ್ಟಕ್ಕೆ ಹೊರಡುವ ಮುಂಚೆ, ನೀನು ಅಟ್ಟಕ್ಕೆ ಏರಿಸಿಟ್ಟಿದ್ದೀಯಲ್ಲ, ಆ ನನ್ನ ಊರುಗೋಲನ್ನು ಇಳಿಸಿಕೊಟ್ಟು ಹೋಗು."